ಎಮ್ಮೆ ನೋಡುವ ಕಣ್ಣಲ್ಲಿ ಲೇತ್ ನೋಡಿದೆ

ಮೋಸ ಮಾಡಿದ್ದು ನಾನು, ಲೇತ್ ಮಾರಲು ಇಟ್ಟಿದ್ದ ಆಚಾರ್ರಲ್ಲ. ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಆ ಮಿಷನ್ ಈಗ ಬೈಂದೂರಿನಲ್ಲಿ ತಿರುಗುತ್ತಿದೆ. ನಮ್ಮ ಶೆಡ್ಡಿಗೆ ಇನ್ನೊಂದು ಸಿಗಲು ದೀಪಾವಳಿ ಆಯಿತು.

ಕಳೆದ ವರ್ಷದ ಮೇ ತಿಂಗಳು. ತ್ರಾಸಿಯ ನಮ್ಮ ಮನೆಯ ಹಿಂದೆ ಸೊಸೆ ಸುಜಾತ ವರ್ಕ್‌ಶಾಪ್ ಶುರು ಮಾಡಲು ಹೊರಟಿದ್ದಳು. ಐಟಿಐಯಲ್ಲಿ ಟರ್ನರ್ ಕಲಿತವಳು. ಮಳೆಗಾಲದಲ್ಲಿ ಬೋಟುಗಳು ದಡಕ್ಕೆ ಬಂದಾಗ ರಿಪೇರಿ ಕೆಲಸ ಕೊಡುತ್ತೇವೆಂದು ಗಂಗೊಳ್ಳಿಯವರು ಮಾತು ಕೊಟ್ಟಿದ್ದರು. ಜೂನ್ ಒಳಗೆ ಮಿಷನ್ ಕೂರದಿದ್ದರೆ ಆ ಕೆಲಸ ಬೇರೆಯವರ ಪಾಲು. ಕಬ್ಬಿಣ ಕಡೆಯುವ ಹೊಸ ಲೇತ್ ನಮ್ಮ ಕೈಗೆ ಎಟಕುವುದಲ್ಲ. ಬ್ರಹ್ಮಾವರದ ಹತ್ತಿರ ಒಬ್ಬ ಆಚಾರ್ರು ಹಳೆಯದನ್ನು ಮಾರುತ್ತಾರೆ ಎಂದು ಗೊತ್ತಾಯಿತು.

"ನಾನೂ ಬತ್ತೆ" ಅಂದೆ.

"ಅತ್ತೆ, ಅದ್ ಎಮ್ಮೆ ಅಲ್ಲ, ಮಿಷನ್" ಅಂದಳು ಸುಜಾತ.

"ಮಾರುವವ್ರ್ ಎಲ್ಲ ಒಂದೇ."

ನಾನು ನಲವತ್ತು ವರ್ಷ ಎಮ್ಮೆ ಸಾಕಿದವಳು. ಹಿಂದಿನ ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ಉಬ್ಬಿಸಿ ತೋರಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಕೊಳ್ಳಲು ಹೋಗುವಾಗ ಹೇಳಿದ ಹೊತ್ತಿಗಿಂತ ಮುಂಚೆ ಹೋಗುವುದು ನನ್ನ ಪದ್ಧತಿ. ಆಚಾರ್ರು ಹನ್ನೊಂದಕ್ಕೆ ಬನ್ನಿ ಅಂದಿದ್ದರು. ಹತ್ತಕ್ಕೇ ಅವರ ಅಂಗಳದಲ್ಲಿ ನಿಂತೆವು. ನಮ್ಮ ಬೆನ್ನಿಗೇ, ಬೈಂದೂರು ಬಸ್ ಸ್ಟ್ಯಾಂಡ್ ಹತ್ತಿರ ಗ್ರಿಲ್ ಶೆಡ್ ಇಟ್ಟಿರುವ ರಾಘು ಎಂಬವನೂ ಅದೇ ಲೇತ್ ನೋಡಲು ಪಿಕಪ್ ತಂದ.

ಶೆಡ್ಡಿನ ನೆಲದಲ್ಲಿ ಒಂದು ಕಬ್ಬಿಣದ ಚೂರಿಲ್ಲ. ಮಿಷನ್ ಎಣ್ಣೆ ಒರೆಸಿಕೊಂಡು ಮದುಮಗನ ಹಾಗೆ ನಿಂತಿತ್ತು. ನನಗೆ ಆಗಲೇ ಅನುಮಾನ. ಸುಜಾತ ಬಗ್ಗಿ ಅಲ್ಲಿ ಇಲ್ಲಿ ಬೆರಳಾಡಿಸಿ, ಕೈಯಲ್ಲಿ ತಿರುಗಿಸಿ ನೋಡಿ "ಎಲ್ಲೂ ಸವ್ದಿಲ್ಲೆ, ಅತ್ತೆ, ಲಾಯ್ಕ್ ಇತ್ತ್" ಅಂದಳು. ನಾನು ಮೋಟಾರಿನ ಮೇಲೆ ಅಂಗೈ ಇಟ್ಟೆ. ಬಿಸಿ.

"ಹ್ವಾಯ್ ಆಚಾರ್ರೆ, ಇದ್ ಎಂತಕೆ ಬಿಸಿ?"

"ಬೆಳಿಗ್ಗೆ ಒಂದ್ ಕೆಲ್ಸ ಇದ್ದಿತ್ತ್ ಅಮ್ಮ."

"ಮಾರೂ ದಿನವೂ ಕೆಲ್ಸವಾ? ಹಂಗಾರೆ ಚೂರೆಲ್ಲಿ?"

"ಗುಡ್ಸಿ ಆಯ್ತ್."

ನಾನು ನಕ್ಕೆ. "ತಣ್ಣಗಿದ್ರೆ ಸ್ಟಾರ್ಟ್ ಆತಿಲ್ಲೆ ಅಂತ ಮೊದ್ಲೇ ಓಡ್ಸಿ ಇಟ್ಟಿದ್ರಿ. ಇಂಥ ಎಮ್ಮೆ ನಾನ್ ಸುಮಾರ್ ಕಂಡಿದೆ."

ಆಚಾರ್ರ ಮುಖ ಕಪ್ಪಾಯಿತು. ಗೋಣಿ ಎಳೆದು ಮಿಷನ್ ಮುಚ್ಚಿದರು. ರಾಘು "ಅಮ್ಮ ಹೇಳುದ್ ಸಮ ಇತ್ತ್" ಎಂದವನೇ ಖಾಲಿ ಪಿಕಪ್ ತಿರುಗಿಸಿಕೊಂಡು ಹೋದ. ನಾನು ಸುಜಾತಳ ಕೈ ಹಿಡಿದು ಎಳೆದುಕೊಂಡು ಬಂದೆ. ಬಸ್ಸು ಹತ್ತಿದವಳೇ ಅವಳು ಕಿಟಕಿಗೆ ಮುಖ ಮಾಡಿ ಕೂತಳು.

ಕುಂದಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನವನ ಮಡಿಲಲ್ಲಿ ಗೋಣಿಯಲ್ಲಿ ಸುತ್ತಿದ ಉದ್ದದ ಕಬ್ಬಿಣವಿತ್ತು. ಶಂಕರನಾರಾಯಣ ಊರಿನ ಕಡೆಯವನು. ಅದೇನೆಂದು ಕೇಳಿದೆ.

"ಪಂಪಿನ ಶಾಫ್ಟ್ ಅಮ್ಮ. ನಾಲ್ಕ್ ದಿನ ಆಯ್ತ್ ತೋಟಕ್ಕೆ ನೀರಿಲ್ಲೆ. ಇಲ್ಲೊಬ್ರ್ ಆಚಾರ್ರ್, ಕಣ್ಣ್ ಕಾಣ್ತಿಲ್ಲೆ ಅಂತ ಲೇತೇ ಮಾರ್ತಾ ಇದ್ರ್. ಮಾತ್ ಕೊಟ್ಟಿದೆ ಅಂತ ಇವತ್ ಆರ್ ಗಂಟೆಗೇ ಸುರು ಮಾಡಿ ಮಾಡ್ಕೊಟ್ರ್. ಮಿಷನ್ ತಕಂಬುಕೆ ಜನ ಬತ್ರ್ ಅಂದ್ರ್, ಚೂರೆಲ್ಲ ನಾನೇ ಗುಡ್ಸಿ ಬಂದೆ."

ಸುಜಾತ ಕಿಟಕಿಯಿಂದ ತಿರುಗಿ ನನ್ನ ಮುಖ ನೋಡಿದಳು. ನಾನು ಬಸ್ಸಿನ ನೆಲ ನೋಡಿದೆ.

ಮನೆಗೆ ಬಂದು ಕಾಲು ತೊಳೆದ ಮೇಲೆ ಅವಳೇ ಬಾಯಿ ಬಿಟ್ಟಳು. "ಹೋಯ್ಲಿ ಅತ್ತೆ. ಬೈಂದೂರಿನವ ಹೆದ್ರಿ ಹೋದ. ಇನ್ ಆಚಾರ್ರಿಗೆ ನಾವೇ ಗತಿ. ಎರಡ್ ದಿನ ಬಿಟ್ ಹೋಪ, ರೇಟಲ್ ಇಳ್ದ್ ಬತ್ರ್."

ಲೆಕ್ಕ ಸರಿಯೇ. ಬೇರೆ ದಿನವಾದರೆ ನಾನೇ ಹೇಳುತ್ತಿದ್ದೆ. ಆದರೆ ಎಮ್ಮೆಯ ದಲ್ಲಾಳಿಗಳು ಮಾಡುವುದೂ ಇದನ್ನೇ. ಮೊದಲು ಒಬ್ಬ ಬಂದು ಎಮ್ಮೆಗೆ ಹುಳುಕು ಹೇಳಿ ಹೋಗುತ್ತಾನೆ, ಹಿಂದಿನಿಂದ ಇನ್ನೊಬ್ಬ ಬಂದು ಅಗ್ಗಕ್ಕೆ ಹೊಡೆದುಕೊಂಡು ಹೋಗುತ್ತಾನೆ. ನಮ್ಮ ಹಟ್ಟಿಯಿಂದಲೇ ಎರಡು ಎಮ್ಮೆ ಹಾಗೆ ಹೋಗಿವೆ. ಆ ಜನರಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಈಗ ಮೊದಲು ಬಂದ ಕಳ್ಳಿಯೂ ನಾನೇ, ಹಿಂದಿನಿಂದ ಹೋಗುವವಳೂ ನಾನೇ.

ಮಾರನೆ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೈಂದೂರಿಗೆ ಹೋದೆ. ರಾಘು ಆಗಷ್ಟೇ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. "ಮಿಷನ್ ಸಮ ಇತ್ತ್. ನಾನ್ ಹೇಳಿದ್ದ್ ತಪ್ಪ್" ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ನಿನ್ನೆ ಬೈದ್ರಿ, ಇವತ್ ಹೊಗಳ್ತ್ರಿ. ಆಚಾರ್ರ್ ಎಂತ ಕೊಟ್ರ್ ಅಮ್ಮ?"

ಅವನದೇ ಫೋನಿನಿಂದ ಆಚಾರ್ರಿಗೆ ಹಚ್ಚಿಸಿ, ಅವನಿಗೂ ಕೇಳುವಂತೆ ಜೋರಾಗಿ ಇಡಿಸಿ ಹೇಳಿದೆ: "ಆಚಾರ್ರೆ, ನಿನ್ನೆ ಬಂದ ಮುದ್ಕಿ ನಾನ್. ಶಾಫ್ಟ್ ತಕಂಡ್ ಹೋದವ ಬಸ್ಸಲ್ ಸಿಕ್ಕಿದ. ನನ್ ಸೊಸಿಗೂ ಮಿಷನ್ ಬೇಕ್, ಈ ರಾಘುಗೂ ಬೇಕ್. ಯಾರಿಗ್ ಕೊಡ್ತ್ರಿಯೋ ನಿಮ್ಮಿಷ್ಟ. ರೇಟ್ ಮಾತ್ರ ಇಳ್ಸಬೇಡಿ."