ಸೀರೆ ಕೊಂಡು ಲೈಟ್‌ಹೌಸ್ ಹತ್ತಿದ ದಿನ

ಉಡುಪಿಯ ಬನ್ನಂಜೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಮದುವೆಯಾದ ಹೊಸದರಲ್ಲಿ ಗಂಡ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಮಣಿಪಾಲಕ್ಕೆ ಬಂದರು, ಅವರ ಬೆನ್ನಿಗೆ ನಾನೂ ಬಂದೆ. ಕೆಲವು ವರ್ಷ ನಾನೂ ಜಲ್ಲಿ, ಮರಳು ಹೊತ್ತೆ. ಆಮೇಲೆ ಹಳೆಯ ಮಷಿನ್ ಒಂದನ್ನು ಕೊಂಡು ಬ್ಲೌಸ್ ಹೊಲಿಯತೊಡಗಿದೆ. ಈಗ ಮಣಿಪಾಲದ ಕಾಲೇಜು ಹುಡುಗಿಯರೂ ನನ್ನಲ್ಲಿಗೆ ಬರುತ್ತಾರೆ. ನಮ್ಮ ಕಡೆ ಅಜ್ಜಿಯರು ಕುಪ್ಪಸ ಹೊಲಿಸುತ್ತಿದ್ದ ಗುಳೇದಗುಡ್ಡದ ಖಣವನ್ನು ತಂದು, ಇದರಲ್ಲಿ ಜಾಕೆಟ್ ಮಾಡಿಕೊಡಿ ಎನ್ನುತ್ತಾರೆ. ಪರ ಊರಿನಲ್ಲಿ ಕೂತು ನಮ್ಮ ಊರಿನ ಬಟ್ಟೆಗೆ ಕತ್ತರಿ ಹಾಕುವಾಗ ನನಗೆ ಒಳಗೊಳಗೇ ಹಿಗ್ಗು.

ಕಾಪುವಿನಿಂದ ಮೀನು ತಂದು ಈ ಸುತ್ತಿನ ಮನೆಗಳಿಗೆ ಮಾರುವ ಅಕ್ಕ ಒಬ್ಬರಿದ್ದಾರೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ವ್ಯಾಪಾರ ಮುಗಿದ ಮೇಲೆ ಬುಟ್ಟಿ ತೊಳೆದು, ಬಸ್ಸಿನ ಹೊತ್ತಿನವರೆಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ. ನಾನು ಮೀನು ತಿನ್ನುವವಳಲ್ಲ, ಅವರಿಂದ ಏನನ್ನೂ ಕೊಳ್ಳುವವಳೂ ಅಲ್ಲ. ಆದರೂ ನಮ್ಮ ಸ್ನೇಹ ಹೇಗೋ ಬೆಳೆಯಿತು.

ಒಂದು ಮಧ್ಯಾಹ್ನ ಅವರು ಹಾಗೆ ಕೂತಿದ್ದಾಗ ಮಣಿಪಾಲದ ಹುಡುಗಿಯೊಬ್ಬಳು ಬ್ಲೌಸ್ ಒಯ್ಯಲು ಬಂದಳು. ಹಳದಿ ಮೈಯ, ಸಣ್ಣ ಚೌಕಳಿಯ, ಕೆಂಪು ಅಂಚಿನ ಹತ್ತಿ ಸೀರೆ ಉಟ್ಟಿದ್ದಳು. ಅಕ್ಕ ಕೈ ಒರೆಸಿಕೊಂಡು ಅವಳ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ನನ್ನ ಅಮ್ಮ ಮೀನು ಮಾರಲಿಕ್ಕೆ ಹೋಗುವಾಗ ಇಂಥದ್ದೇ ಉಡ್ತಿದ್ದದ್ದು" ಎಂದರು.

ಹುಡುಗಿಗೆ ಸಂತೋಷವಾಯಿತು. ಇದು ಉಡುಪಿ ಸೀರೆ, ಇಲ್ಲಿಯದ್ದೇ ಕೈಮಗ್ಗ, ಈಗ ನೇಯುವವರು ಕಡಿಮೆ, ಶಿರ್ವದ ದಾರಿಯಲ್ಲಿ ಒಂದು ಮನೆಯಲ್ಲಿ ಇನ್ನೂ ನೇಯುತ್ತಾರೆ, ಹೋದರೆ ಮಗ್ಗವನ್ನೂ ತೋರಿಸುತ್ತಾರೆ ಎಂದೆಲ್ಲ ಹೇಳಿದಳು. ಅವಳು ಹೋದ ಮೇಲೆ ಅಕ್ಕ ಅಮ್ಮನ ಮಾತು ತೆಗೆದರು. ಅಮ್ಮನ ಸೀರೆಗಳಲ್ಲಿ ಒಂದೂ ಉಳಿದಿಲ್ಲವಂತೆ. ಹಳೆಯದಾದವು ಮಕ್ಕಳ ತೊಟ್ಟಿಲಿಗೆ ಹೋದವು, ತೊಟ್ಟಿಲಿನಿಂದ ನೆಲ ಒರೆಸಲು ಹೋದವು. ಆಮೇಲೆ ಬಂದದ್ದೆಲ್ಲ ಪಾಲಿಯೆಸ್ಟರ್, ತೊಳೆದರೆ ಬೇಗ ಒಣಗುತ್ತದೆ ಎಂದು ಎಲ್ಲರೂ ಅದನ್ನೇ ಹಿಡಿದರು.

"ಭಾನುವಾರ ಬರ್ತೀಯಾ? ನನಗೊಂದು ಬೇಕು" ಎಂದು ಕೇಳಿದರು. ನಾನು ಹೂಂ ಎಂದೆ.

ನೇಯುವವರ ಮನೆ ರಸ್ತೆಯಿಂದ ಸ್ವಲ್ಪ ಒಳಗೆ, ತೆಂಗಿನ ಮರಗಳ ನಡುವೆ ಇತ್ತು. ಮನೆ ಕಾಣುವ ಮೊದಲೇ ಮಗ್ಗದ ಸದ್ದು ಕೇಳಿಸಿತು, ನನ್ನ ಕಾಲು ತಾನಾಗಿ ಬೇಗ ಬೇಗ ಬಿತ್ತು. ನನ್ನಪ್ಪ ಇಳಕಲ್ಲ ಸೀರೆ ನೇಯುತ್ತಿದ್ದವರು. ಆ ಸದ್ದಿಗೇ ನಾನು ಬೆಳಿಗ್ಗೆ ಏಳುತ್ತಿದ್ದದ್ದು, ಅದು ನಿಂತರೆ ಊಟದ ಹೊತ್ತಾಯಿತು ಎಂದು ತಿಳಿಯುತ್ತಿದ್ದದ್ದು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಮತ್ತೆ ಆ ಸದ್ದು ಕೇಳಿದ್ದು ಇಲ್ಲಿ, ಸಮುದ್ರದ ಊರಿನಲ್ಲಿ.

ನೇಯುತ್ತಿದ್ದದ್ದು ಆ ಮನೆಯ ವಯಸ್ಸಾದ ಅಮ್ಮ. ನಮ್ಮನೆಯಲ್ಲಿದ್ದ ಹಾಗೆಯೇ ಗುಂಡಿಯ ಮಗ್ಗ, ನೆಲದಲ್ಲಿ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟಿದ್ದರು. ನನ್ನಪ್ಪನೂ ನೇಯುತ್ತಿದ್ದರು ಎಂದಾಗ, ಹಾಗಾದರೆ ನೀವೂ ಕೂತು ನೋಡಿ ಎಂದು ಎದ್ದು ಜಾಗ ಬಿಟ್ಟರು. ನಾನು ಹಿಂಜರಿದೆ. ಅಪ್ಪನ ಮಗ್ಗದ ಮುಂದೆ ನಾನು ಯಾವತ್ತೂ ಕೂತವಳಲ್ಲ, ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುವುದಷ್ಟೇ ನನ್ನ ಕೆಲಸ. ಅಕ್ಕ ಬೆನ್ನಿಗೆ ಕೈ ಹಾಕಿ ಕೂರಿಸಿಯೇ ಬಿಟ್ಟರು.

ಲಾಳಿ ಎರಡು ಸಲ ಸರಿಯಾಗಿ ಹೋಯಿತು, ಮೂರನೆಯ ಸಲ ನೂಲು ಹರಿಯಿತು. ನನ್ನ ಮುಖ ಬೆಚ್ಚಗಾಯಿತು. ಅಮ್ಮ ಬಗ್ಗುವಷ್ಟರಲ್ಲಿ ನನ್ನ ಬೆರಳು ಆ ಎರಡು ತುದಿಗಳನ್ನು ಹಿಡಿದು ಹೊಸೆದು ಗಂಟು ಹಾಕಿಯಾಗಿತ್ತು. ಸಣ್ಣವಳಿದ್ದಾಗ ದಿನಕ್ಕೆ ಎಷ್ಟು ಸಲ ಮಾಡಿದ ಕೆಲಸವೋ, ಇಷ್ಟು ವರ್ಷದ ಮೇಲೂ ಕೈಯಲ್ಲಿ ಹಾಗೇ ಉಳಿದಿತ್ತು. ಅಮ್ಮ ಗಂಟನ್ನು ಮುಟ್ಟಿ ನೋಡಿ, "ಇದು ಇರಲಿ, ಬಿಚ್ಚುವುದು ಬೇಡ" ಎಂದರು. ಯಾರೋ ಉಡುವ ಸೀರೆಯೊಂದರಲ್ಲಿ ನನ್ನ ಗಂಟೊಂದು ಇರುತ್ತದಲ್ಲ ಎಂದು ನಾನು ಮಗುವಿನ ಹಾಗೆ ಸಂತೋಷಪಟ್ಟೆ.

ಅಕ್ಕ ಅರ್ಧ ಗಂಟೆ ಮಡಿಕೆಗಳನ್ನು ಬಿಚ್ಚಿಸಿ ನೋಡಿ ನೀಲಿ ಮೈಗೆ ಕೆಂಪು ಅಂಚಿನದನ್ನು ಆರಿಸಿದರು. ಮೀನು ಮಾರುವವರಿಗೂ ಅವರಂಥ ಗಿರಾಕಿ ಸಿಗಬೇಕು ಎಂದುಕೊಂಡೆ. ನಾನು ಹಸಿರಿನದೊಂದು ತೆಗೆದುಕೊಂಡೆ.

ಅಲ್ಲಿಂದ ಕಾಪುವಿಗೆ ಬಸ್ಸು ಹಿಡಿದೆವು, ಅಕ್ಕ ಮನೆಗೆ ಬಂದು ಹೋಗಲೇಬೇಕೆಂದು ಹಟ ಹಿಡಿದಿದ್ದರು. ಮನೆ ಕಡಲ ಬದಿಯಲ್ಲೇ. ಸಂಜೆಯಾಗುತ್ತಿತ್ತು, ಬಂಡೆಯ ಮೇಲಿನ ಲೈಟ್‌ಹೌಸ್ ಕಡೆಗೆ ಜನ ಸಾಲಾಗಿ ಹತ್ತುತ್ತಿದ್ದರು. ಒಳಗೆ ಹೇಗಿದೆ ಎಂದು ಅಕ್ಕನನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಅದರ ಬುಡದಲ್ಲೇ, ಆದರೆ ಅದು ನೋಡಲು ಬಂದವರಿಗೆ ಇರುವುದು ಎಂದು ಒಂದು ದಿನವೂ ಹತ್ತಿರಲಿಲ್ಲ.

"ನಮ್ಮನ್ನೂ ಬಿಡ್ತಾರಲ್ರೀ? ಸರ್ಕಾರದ್ದು ಅಂದ್ರ ನಮ್ದೂ ಆತಲ್ಲ" ಎಂದೆ. ನನ್ನ ಗಂಡ ಮಣಿಪಾಲದಲ್ಲಿ ಎಷ್ಟೋ ಎತ್ತರದ ಕಟ್ಟಡ ಕಟ್ಟಿದ್ದಾರೆ. ಕಟ್ಟಿ ಮುಗಿದ ಮೇಲೆ ಅವುಗಳ ಗೇಟಿನೊಳಗೆ ನಾವು ಕಾಲಿಟ್ಟಿಲ್ಲ. ಇಲ್ಲಿ ಟಿಕೆಟ್ ತೆಗೆದುಕೊಂಡರೆ ಯಾರೂ ಏನೂ ಕೇಳುವುದಿಲ್ಲ.

ಬ್ರಿಟಿಷರ ಕಾಲದ ಕಟ್ಟಡ, ಗೋಡೆ ದಪ್ಪ, ಒಳಗೆ ತಂಪು. ಸುತ್ತುವ ಮೆಟ್ಟಿಲು ಮುಗಿದ ಮೇಲೆ ಕೊನೆಗೆ ಕಿರಿದಾದ ಕಬ್ಬಿಣದ ಏಣಿ. ನಾನು ಅಲ್ಲಿ ನಿಂತುಬಿಟ್ಟೆ. ಅಕ್ಕ ಸೀರೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿ, ದೋಣಿ ಹತ್ತುವವರಂತೆ ಹತ್ತಿ ಮೇಲಿನಿಂದ ಕೈ ಚಾಚಿ ನನ್ನನ್ನೂ ಎಳೆದುಕೊಂಡರು.

ಮೇಲೆ ಗಾಳಿಯೇ ಗಾಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ತೆಂಗು, ದೂರದಲ್ಲಿ ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಮಬ್ಬಾಗಿ ಕಾಣುತ್ತಿತ್ತು. ಅಕ್ಕ ಅದನ್ನೆಲ್ಲ ನೋಡಲಿಲ್ಲ. ತಮ್ಮ ಮನೆಯ ಹೆಂಚನ್ನು ಹುಡುಕುತ್ತಿದ್ದರು. ಸಿಕ್ಕಿತು. ಅದರ ಮುಂದೆ ಮರಳಿನಲ್ಲಿ ಅವರ ಗಂಡ ಕೂತು ಬಲೆ ಸರಿಮಾಡುತ್ತಿದ್ದದ್ದೂ ಕಾಣಿಸಿತು. ಅಕ್ಕ ಫೋನ್ ಮಾಡಿ ತುಳುವಿನಲ್ಲಿ, ಲೈಟ್‌ಹೌಸಿನ ತುದಿಯಲ್ಲಿದ್ದೇನೆ, ಮೇಲೆ ನೋಡಿ ಎಂದರು. ಅವರು ನಂಬಲಿಲ್ಲ. ಅಷ್ಟು ಜನರಲ್ಲಿ ನೀನು ಯಾರೆಂದು ಗುರುತು ಹಿಡಿಯುವುದು ಹೇಗೆ ಎಂದು ಕೇಳಿದರಂತೆ.

ಅಕ್ಕ ಚೀಲಕ್ಕೆ ಕೈ ಹಾಕಿ ಹೊಸ ಸೀರೆಯನ್ನು ತೆಗೆದು, ಒಂದು ತುದಿ ನನ್ನ ಕೈಗೆ ಕೊಟ್ಟು ಬಿಚ್ಚಿಯೇ ಬಿಟ್ಟರು. ನೀಲಿ ಸೀರೆ ಗಾಳಿ ತುಂಬಿಕೊಂಡು ಹೊಟ್ಟೆ ಉಬ್ಬಿಸಿತು, ನಾವಿಬ್ಬರೂ ಹಿಡಿಯಲಾರದೆ ಕಂಬಿಗೆ ಒರಗಿದೆವು. ಕೆಳಗೆ ಅವರ ಗಂಡ ಎದ್ದು ನಿಂತು ಎರಡೂ ಕೈ ಎತ್ತಿದರು. ಅಷ್ಟರಲ್ಲಿ ಕಾವಲುಗಾರ ಬಂದ.

"ಅಮ್ಮ, ಇಲ್ಲಿ ಬಟ್ಟೆ ಒಣಗಿಸಲಿಕ್ಕಿಲ್ಲ" ಎಂದ, ನಗು ತಡೆದುಕೊಂಡು.

ಮಡಚಲು ನಮಗೆ ಬಹಳ ಹೊತ್ತು ಬೇಕಾಯಿತು. ಸುತ್ತ ನಿಂತಿದ್ದ ಅಪರಿಚಿತರೂ ಒಂದೊಂದು ತುದಿ ಹಿಡಿದರು.

ಮನೆಗೆ ಬಂದಾಗ ಅವರ ಗಂಡ ಅಂಗಳದಲ್ಲೇ ಕಾಯುತ್ತಿದ್ದರು. ಸೀರೆಯ ವಿಷಯ ಕೇಳಲಿಲ್ಲ. ಮೇಲಿನಿಂದ ನಮ್ಮ ದೋಣಿ ಎಷ್ಟು ದೊಡ್ಡದು ಕಾಣ್ತದೆ ಎಂದು ಕೇಳಿದರು. ಅಕ್ಕ ತಮ್ಮ ಅಂಗೈ ತೋರಿಸಿದರು. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು, ಆಮೇಲೆ ತಾವೂ ಹತ್ತಿ ನೋಡಬೇಕು ಎಂದರು. ಅಕ್ಕ ನನಗಾಗಿ ಮೀನು ತಾಗದ ಬೇರೆ ಕಾವಲಿಯಲ್ಲಿ ನೀರುದೋಸೆ ಹೊಯ್ದು, ಬೆಲ್ಲ ಬೆರೆಸಿದ ಕಾಯಿತುರಿ ಬಡಿಸಿದರು. ನಾನು ಹೊಟ್ಟೆ ತುಂಬಾ ತಿಂದು ಉಡುಪಿಯ ಬಸ್ಸು ಹತ್ತಿದೆ.