ಮಣಿಕಟ್ಟು ಮುರಿದ ಡ್ರಮ್ಮರ್

ಬೈಕುಲ್ಲಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಇಳಿಯುವಾಗ ಹಿಂದಿನವರು ನೂಕಿದರು. ಬೀಳುವವನು ಮೊದಲು ತನ್ನನ್ನು ಉಳಿಸಿಕೊಳ್ಳಬೇಕು. ನಾನು ಬಗಲಲ್ಲಿದ್ದ ಸಿಂಬಲ್ ಉಳಿಸಿದೆ. ಆ ಹಿತ್ತಾಳೆ ತಟ್ಟೆಗೆ ಒಂದು ಗೀರೂ ಬೀಳಲಿಲ್ಲ, ನನ್ನ ಬಲಗೈ ಮಣಿಕಟ್ಟು ಮುರಿಯಿತು. ಡ್ರಮ್ಮರನ ಬುದ್ಧಿ ಅಂದರೆ ಇದೇ ನೋಡಿ.

ನಮ್ಮದು ನಾಲ್ವರ ಜಾಝ್ ತಂಡ. ಪಿಯಾನೋ ನುಡಿಸುವಾಕೆ, ಸ್ಯಾಕ್ಸೊಫೋನ್ ಊದುವವ, ಬಾಸ್ ಮೀಟುವವ, ಬಡಿಯಲು ನಾನು. ಇಪ್ಪತ್ತು ವರ್ಷಗಳಿಂದ ಹೋಟೆಲು, ಕ್ಲಬ್ಬು, ಮದುವೆ ರಿಸೆಪ್ಷನ್ ಎಂದು ಒಟ್ಟಿಗೆ ಅಲೆದಿದ್ದೇವೆ, ಬೇಕಾದಷ್ಟು ಜಗಳವನ್ನೂ ಆಡಿದ್ದೇವೆ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತ ಮೇಲೆ ನನಗೆ ಒಂದೇ ಚಿಂತೆ: ನನ್ನ ಜಾಗದಲ್ಲಿ ಯಾರನ್ನು ಕೂರಿಸಿದ್ದಾರೆ? ಈ ಊರಲ್ಲಿ ಚುರುಕು ಕೈಯ ಡ್ರಮ್ಮರ್‌ಗಳಿಗೆ ಬರವೇ? ಫೋನ್ ಮಾಡಿ ಕೇಳಲು ಸ್ವಾಭಿಮಾನ ಅಡ್ಡ ಬಂತು. ಆ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಂಡೆ.

ಧಾರವಾಡದವಳಾದ ಹೆಂಡತಿ ಕೊನೆಗೆ ರೇಗಿದಳು. "ಮುರದಿದ್ದು ಕೈ ರೀ, ಕಾಲಲ್ಲ. ಇವತ್ತ ಸಂಡೇ, ಪವಾಯಿಯೊಳಗ ಅವರ ಪ್ರೋಗ್ರಾಮ್ ಅದ. ಹೋಗಿ ನೋಡಿ ಬರ್ರಿ. ನನ್ನ ತಲಿ ತಿನ್ನಬ್ಯಾಡ್ರಿ."

ಪವಾಯಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ. ಹಿಂದಿನ ಮೇಜಿನಲ್ಲಿ ಕಂಬದ ಮರೆಗೆ ಕೂತೆ. ವೇದಿಕೆಯ ಮೇಲೆ ಮೂವರೇ ಇದ್ದರು. ನನ್ನ ಜಾಗಕ್ಕೆ ಬಂದ ಹೊಸಬ ತಡ ಮಾಡಿದ್ದಾನೆಂದು ಒಳಗೊಳಗೇ ಖುಷಿಪಟ್ಟೆ. ಆದರೆ ಅವರು ಯಾರಿಗೂ ಕಾಯದೆ ಶುರು ಮಾಡಿದರು.

ನಮ್ಮಲ್ಲೊಂದು ರೂಢಿಯಿದೆ. ಹಾಡು ಮುಗಿಯುವ ಮುಂಚೆ ಉಳಿದವರು ನಾಲ್ಕು ಆವರ್ತ ನುಡಿಸಿ ನಿಲ್ಲುತ್ತಾರೆ. ಮುಂದಿನ ನಾಲ್ಕರಲ್ಲಿ ಡ್ರಮ್ ಒಂದೇ ಉತ್ತರ ಕೊಡಬೇಕು. ಹೀಗೇ ಮಾತುಕತೆ ಸಾಗುತ್ತದೆ. ಡ್ರಮ್ಮರ್ ಇಲ್ಲದ ಮೇಲೆ ಆ ಭಾಗವನ್ನೇ ಕೈಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಸ್ಯಾಕ್ಸೊಫೋನ್ ತನ್ನ ನಾಲ್ಕು ಮುಗಿಸಿತು. ಆಮೇಲೆ ಮೂವರೂ ಕೈ ನಿಲ್ಲಿಸಿ, ಪಾದದಲ್ಲಿ ಮೆಲ್ಲಗೆ ತಾಳ ಹಾಕುತ್ತ, ನನ್ನ ಪಾಲಿನ ನಾಲ್ಕು ಆವರ್ತವನ್ನು ಖಾಲಿಯೇ ಬಿಟ್ಟರು. ಹಾಡು ಮುಗಿಯಿತೆಂದು ಮುಂದಿನ ಮೇಜಿನವರು ಚಪ್ಪಾಳೆ ತಟ್ಟಿ, ಸಂಗೀತ ಮತ್ತೆ ಶುರುವಾದಾಗ ಪೆಚ್ಚಾದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಮುಂದಿನ ಸರದಿಗೆ ಸುಮ್ಮನೆ ಕೂರಲಾಗಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತಟ್ಟೆ, ಲೋಟ, ಮೇಜು ಎಲ್ಲವನ್ನೂ ಬಡಿದೆ. ಊಟಕ್ಕೆ ಅವಸರ ಮಾಡುತ್ತಿದ್ದೇನೆಂದುಕೊಂಡು ವೇಟರ್ ಓಡಿ ಬಂದ. "ಸಾಬ್, ಆರ್ಡರ್ ಆ ರಹಾ ಹೈ, ದೋ ಮಿನಿಟ್!" ನಾನು ನಿಲ್ಲಿಸಲಿಲ್ಲ.

ಬಡಿಯುತ್ತಿರುವವನು ಯಾರೆಂದು ಪಿಯಾನೋದಾಕೆ ತಿರುಗಿ ನೋಡಲೂ ಇಲ್ಲ. ನನ್ನ ನಾಲ್ಕು ಮುಗಿದ ಕ್ಷಣಕ್ಕೆ ಸರಿಯಾಗಿ ಶುರು ಮಾಡಿದಳು.