ಪಿಕಪ್ ಮೇಲೊಂದು ಮನೆ

ಆಗ ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ ರಿಪೇರಿ ಮಾಡುತ್ತಿದ್ದೆ. ಕುಯ್ಲು ಶುರುವಾದರೆ ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದಾಟ. ಹೊಸದಾಗಿ ಮದುವೆಯಾಗಿತ್ತು. “ನಾನೂ ಬರ್ತೀನಿ ಕಣ್ರೀ” ಎಂದಳು ಸಾವಿತ್ರಿ. ಸರಿ, ನಮ್ಮ ಪಿಕಪ್ ಹಿಂದೆ ಮಲಗಲು ಒಂದು ಗೂಡು ಕೂರಿಸೋಣ ಎಂದುಕೊಂಡೆವು.

ಸಕಲೇಶಪುರದ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ರೂಮೊಂದು ರೆಡಿ ಇತ್ತು. ಮಂಚ, ಬೀರು, ನೀರಿನ ಟ್ಯಾಂಕು ಎಲ್ಲ ಅದರಲ್ಲೇ. ನಾನು ಮರುಳಾದೆ. “ಮೊದ್ಲು ಗಾಡಿ ಎಷ್ಟು ಹೊರುತ್ತೆ ನೋಡೋಣ” ಎಂದು ಸಾವಿತ್ರಿ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೊರಡಿಸಿದಳು. ಟೂಲ್ ಬಾಕ್ಸು, ಗ್ಯಾಸ್ ಸಿಲಿಂಡರು, ನೀರಿನ ಕ್ಯಾನು ಹೇರಿಕೊಂಡೇ ಹೋದೆವು.

“ಇಬ್ರೂ ಇಳೀರಿ, ಗಾಡಿ ತೂಕ ನೋಡ್ತೀನಿ” ಎಂದರು ಅಲ್ಲಿದ್ದ ಹಿರಿಯರು.

ಇವಳು ಸೀಟಿನಿಂದ ಅಲ್ಲಾಡಲಿಲ್ಲ. “ಘಾಟಿ ಹತ್ತುವಾಗ ನಾವು ಇಳಿದು ನಡೀತೀವಾ ಅಣ್ಣ? ನಮ್ಮನ್ನೂ ಸೇರಿಸಿ ತೂಗಿ.”

ಅವರಿಗೆ ನಗು ತಡೆಯಲಾಗಲಿಲ್ಲ. “ಇಲ್ಲಿ ಹೆಂಗಸ್ರು ಯಾರೂ ತೂಗಿಸ್ಕೊಂಡಿದ್ದೇ ಇಲ್ಲ ಕಣಮ್ಮ. ಆಯ್ತು, ಕೂತ್ಕಳಿ.”

ಗಾಡಿಯ ಆರ್‌ಸಿ ಪುಸ್ತಕದಲ್ಲಿದ್ದ ತೂಕದ ಮಿತಿ ನೋಡಿದರೆ, ವೆಲ್ಡರ್ ಹೇಳಿದ್ದ ರೂಮಿನ ಅರ್ಧ ತೂಕ ಹೊರಲೂ ಅವಕಾಶ ಉಳಿದಿರಲಿಲ್ಲ. ನನ್ನ ಮುಖ ಬಾಡಿತು. ಅವಳು ಮಾತ್ರ ಆವತ್ತೇ ತೆಳು ಪೈಪು, ಟಾರ್ಪಾಲು, ಮಡಚುವ ಹಲಗೆಗೆ ಹೇಳಿ ಬಂದಳು.

ಅವುಗಳಿಂದ ಕಟ್ಟಿದ ಹಗುರ ಗೂಡು ಹೊತ್ತು ಪಿಕಪ್ ಕೆ. ಹೊಸಕೋಟೆ ಕಡೆಯ ಏರನ್ನು ಸಲೀಸಾಗಿ ಹತ್ತಿತು. ಮರುದಿನ ಬೆಳಿಗ್ಗೆ ಸಾವಿತ್ರಿ ಕಾಫಿ ಕಾಯಿಸುತ್ತಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು, “ಏನ್ ಮಾರಾಯ, ಮನೇನೇ ಹೊತ್ಕೊಂಡ್ ಬಂದ್ಬುಟ್ಟಿದ್ದೀಯಲ್ಲ!” ಎಂದ.

“ಗೋಡೆ ಮಾತ್ರ ಬಿಟ್ಟು ಬಂದಿದೀವಿ” ಎಂದಳು ಇವಳು, ಅವನಿಗೂ ಒಂದು ಲೋಟ ಕೊಡುತ್ತಾ.

ಟಾರ್ಪಾಲಿನ ಸಂಸಾರಕ್ಕೆ ಒಂದೇ ತೊಂದರೆ, ಜಗಳವಾಡಿದರೆ ಕೂಲಿಯವರ ಇಡೀ ಲೈನ್ ಮನೆಗಳಿಗೆ ಕೇಳಿಸುತ್ತದೆ. ಪಿಸುಮಾತಿನಲ್ಲಿ ಜಗಳವಾಡಲು ಹೋಗಿ ಇಬ್ಬರಿಗೂ ನಗು ಬಂದುಬಿಡುತ್ತಿತ್ತು.